ಬೀಡು ಕಬ್ಬಿಣದ ಕೊಳವೆ ಕತ್ತರಿಸುವ ಸಾಧನಗಳು

ಬೀಡು ಕಬ್ಬಿಣದ ಕೊಳವೆ ಕತ್ತರಿಸುವ ಸಾಧನಗಳು ಎಂದರೆ ನೀರು ಸರಬರಾಜು, ಒಳಚರಂಡಿ, ಶೌಚ ಮತ್ತು ಮಳೆನೀರಿನ ಬೀಡು ಕೊಳವೆಗಳನ್ನು ಜೋಡಿಸುವಾಗ, ದುರಸ್ತಿ ಮಾಡುವಾಗ ಅಥವಾ ಕಳಚುವಾಗ ಬೇಕಾದ ಅಳತೆಗೆ ತುಂಡರಿಸಲು ಬಳಸುವ ಕೈ ಉಪಕರಣಗಳು ಮತ್ತು ಯಂತ್ರಗಳು. ಸುತ್ತಿಗೆ ಮತ್ತು ಚಾಣ, ಹ್ಯಾಕ್ಸಾ, ಚೈನ್ ಕಟರ್, ಗಾಲಿ ಕಟರ್, ರೆಸಿಪ್ರೊಕೇಟಿಂಗ್ ಗರಗಸ, ಆಂಗಲ್ ಗ್ರೈಂಡರ್, ಪೆಟ್ರೋಲ್ ಕಟರ್ ಹಾಗೂ ವಜ್ರದ ಚೈನ್ ಗರಗಸ ಇವುಗಳಲ್ಲಿ ಮುಖ್ಯವಾದವು. ಕೊಳವೆಯ ಲೋಹ ಯಾವ ಬಗೆಯದು, ಅದರ ವ್ಯಾಸವೆಷ್ಟು, ಅದು ಎಲ್ಲಿದೆ, ಎಷ್ಟು ಸವೆದಿದೆ ಎಂಬುದರ ಮೇಲೆ ಸಾಧನದ ಆಯ್ಕೆ ನಿಂತಿದೆ. ಇವುಗಳಲ್ಲಿ ಮೊದಲು ತಿಳಿಯಬೇಕಾದದ್ದು ಲೋಹದ ಬಗೆ.

ಪರಿಭಾಷೆ

ಈ ಲೇಖನದಲ್ಲಿ ‘ಬೂದು ಬೀಡು’ ಎಂದರೆ ಗ್ರಾಫೈಟ್ ಪದರುಗಳ ರೂಪದಲ್ಲಿರುವ ಸಾಂಪ್ರದಾಯಿಕ ಬೀಡು ಕಬ್ಬಿಣ. ಕೆಲಸದವರು ಸಿಐ ಪೈಪು ಎಂದು ಕರೆಯುವುದು ಇದರ ಕೊಳವೆಯನ್ನು. ‘ಡಿಐ’ ಎಂದರೆ ಗ್ರಾಫೈಟ್ ಗುಂಡುಗಳ ರೂಪದಲ್ಲಿರುವ ಡಕ್ಟೈಲ್ ಕಬ್ಬಿಣ. ಕೊಳವೆಯ ಅಗಲವಾದ ಬಾಯಿ ಸಾಕೆಟ್. ಅದರೊಳಗೆ ಕೂರುವ ನೇರ ತುದಿ ಸ್ಪಿಗಟ್. ಸಾಧನ ಕೆಲಸ ಮಾಡುವ ಬಗೆಯನ್ನು ಮೂರಾಗಿ ಹೇಳಬಹುದು. ಕೊಳವೆಯ ಸುತ್ತ ಗೀರು ಹಾಕಿ ಒತ್ತಡ ಕೊಟ್ಟು ತುಂಡು ಮಾಡುವುದು ‘ಮುರಿತ’. ಹಲ್ಲುಗಳಿಂದ ಲೋಹವನ್ನು ಚೂರುಚೂರಾಗಿ ಕಿತ್ತು ಸೀಳುವುದು ‘ಕೊಯ್ತ’. ಗಟ್ಟಿ ಹರಳುಗಳಿಂದ ಉಜ್ಜಿ ಲೋಹವನ್ನು ಪುಡಿಯಾಗಿ ತೆಗೆಯುವುದು ‘ಸವೆತ’.

ಲೋಹದ ರಚನೆ

ಬೂದು ಬೀಡಿನಲ್ಲಿ ಕಬ್ಬಿಣದ ಜೊತೆಗೆ ಸುಮಾರು ಶೇ. 2.5ರಿಂದ 4ರಷ್ಟು ಇಂಗಾಲವೂ ಶೇ. 1ರಿಂದ 3ರಷ್ಟು ಸಿಲಿಕಾನ್ ಕೂಡ ಇರುತ್ತವೆ. ಕರಗಿದ ಲೋಹ ಆರುವಾಗ ಇಂಗಾಲದ ಹೆಚ್ಚಿನ ಪಾಲು ತೆಳು ಗ್ರಾಫೈಟ್ ಪದರುಗಳಾಗಿ ಬೇರೆಯಾಗುತ್ತದೆ. ಲೋಹದೊಳಗೆ ಈ ಪದರುಗಳು ಹುಟ್ಟಿನಿಂದಲೇ ಬಂದ ಬಿರುಕುಗಳಿದ್ದಂತೆ. ಹೊರಗಿನಿಂದ ಒತ್ತಿದರೆ ಬಿರುಕುಗಳು ಮುಚ್ಚಿಕೊಳ್ಳುವುದರಿಂದ ಲೋಹ ಭಾರ ತಡೆಯುತ್ತದೆ. ಎಳೆದರೆ ಅಥವಾ ಬಾಗಿಸಿದರೆ ಪದರಿನ ಚೂಪು ಅಂಚಿನಿಂದ ಸೀಳು ಹೊರಟು ಗೋಡೆಯುದ್ದಕ್ಕೂ ಓಡುತ್ತದೆ. ಈ ಕಾರಣದಿಂದ ಬೂದು ಬೀಡಿನ ಒತ್ತುಬಲ ಅದರ ಎಳೆತಬಲದ ಮೂರು–ನಾಲ್ಕು ಪಟ್ಟು ಇರುತ್ತದೆ, ಮುರಿಯುವ ಮುನ್ನ ಅದು ಹಿಗ್ಗುವುದು ಶೇ. 1ಕ್ಕಿಂತಲೂ ಕಡಿಮೆ. ಮುರಿತದ ಸಾಧನಗಳೆಲ್ಲ ಈ ಗುಣವನ್ನೇ ನೆಚ್ಚಿವೆ.

ಡಿಐ ತಯಾರಿಸುವಾಗ ಕರಗಿದ ಲೋಹಕ್ಕೆ ಅಲ್ಪ ಪ್ರಮಾಣದ ಮೆಗ್ನೀಸಿಯಂ ಸೇರಿಸುತ್ತಾರೆ. ಆಗ ಗ್ರಾಫೈಟ್ ಪದರಾಗದೆ ಗುಂಡಾಗುತ್ತದೆ. ಗುಂಡಿಗೆ ಚೂಪು ಅಂಚಿಲ್ಲದ ಕಾರಣ ಸೀಳು ಸುಲಭವಾಗಿ ಹೊರಡುವುದಿಲ್ಲ. ಡಿಐ ಕೊಳವೆಗೆ ಗೊತ್ತುಮಾಡಿರುವ ಕನಿಷ್ಠ ಎಳೆತಬಲ 420 ಮೆಗಾಪಾಸ್ಕಲ್, ಸಾಮಾನ್ಯ ಅಳತೆಗಳಲ್ಲಿ ಕನಿಷ್ಠ ಹಿಗ್ಗುವಿಕೆ ಶೇ. 10. ಅದನ್ನು ಗೀರಿ ಒತ್ತಿದರೆ ಕೊಳವೆ ಅಪ್ಪಚ್ಚಿಯಾಗುತ್ತದೆಯೇ ಹೊರತು ತುಂಡಾಗುವುದಿಲ್ಲ. ಹಾಗಾಗಿ ಡಿಐಗೆ ಮುಖ್ಯವಾಗಿ ಕೊಯ್ತ ಮತ್ತು ಸವೆತ ಒಗ್ಗುತ್ತವೆ.

ನೆಲದಡಿಯ ಹಳೆಯ ಕೊಳವೆ ಈ ಎರಡರಲ್ಲಿ ಯಾವುದೆಂದು ಹೊರನೋಟಕ್ಕೆ ಗೊತ್ತಾಗುವುದು ಕಷ್ಟ. ಕೆರೆದು ಅಥವಾ ಸಣ್ಣ ತೂತು ಕೊರೆದು ನೋಡುವುದು ನಂಬಬಹುದಾದ ಪರೀಕ್ಷೆ. ಬೂದು ಬೀಡು ಕಪ್ಪು ಪುಡಿಯಾಗಿ ಉದುರಿ ಬೆರಳಿಗೆ ಮಸಿ ಹತ್ತಿಸುತ್ತದೆ. ಡಿಐ ಸುರುಳಿ ಚೂರುಗಳಾಗಿ ಬರುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಡಿಐ ಗಂಟೆಯಂತೆ ನಾದ ಕೊಡುತ್ತದೆ, ಬೂದು ಬೀಡಿನ ದನಿ ಮಂದ. ಮಣ್ಣಿನಲ್ಲಿ ಹೂತ ಕೊಳವೆಗೆ ದನಿಯ ಪರೀಕ್ಷೆ ಉಪಯೋಗಕ್ಕೆ ಬಾರದು.

ಎರಕದ ವಿಧಾನವೂ ಕತ್ತರಿಸುವ ಕೆಲಸದ ಮೇಲೆ ಪರಿಣಾಮ ಬೀರುತ್ತದೆ. ಮರಳಿನ ಅಚ್ಚಿನಲ್ಲಿ ಹೊಯ್ದ ಹಳೆಯ ಕೊಳವೆಗಳಲ್ಲಿ ಒಳ ಅಚ್ಚು ಸ್ವಲ್ಪ ಸರಿದರೂ ಗೋಡೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಆಗಿಬಿಡುತ್ತದೆ. ಅಂಥ ಕೊಳವೆಯನ್ನು ಸುತ್ತಲೂ ಸಮನಾಗಿ ಒತ್ತಿದರೆ ಮುರಿತ ಗೀರನ್ನು ಬಿಟ್ಟು ತೆಳು ಬದಿಯ ಕಡೆ ಓಡಬಹುದು. ಲೋಹದ ಅಚ್ಚಿನಲ್ಲಿ ತಿರುಗಿಸಿ ಹೊಯ್ದ ಕೊಳವೆಯ ಗೋಡೆ ಸಮವಾಗಿರುತ್ತದೆ. ಆದರೆ ಬೇಗ ಆರಿದ ಮೇಲ್ಮೈ ಗಡುಸಾಗುವ ಕಾರಣ ಕಾರ್ಖಾನೆಯಲ್ಲಿ ಅದನ್ನು ಮತ್ತೆ ಕಾಯಿಸಿ ಹದಗೊಳಿಸುತ್ತಾರೆ. ಹದ ಸರಿಯಾಗದೆ ಉಳಿದ ಗಡುಸು ಜಾಗದಲ್ಲಿ ಹ್ಯಾಕ್ಸಾ ಹಲ್ಲು ಹಿಡಿಯದೆ ಜಾರುತ್ತದೆ.

ಇತಿಹಾಸ

ದಾಖಲೆಯಲ್ಲಿರುವ ಅತಿ ಹಳೆಯ ಬೀಡು ಕೊಳವೆ 1455ರಲ್ಲಿ ಜರ್ಮನಿಯ ಡಿಲೆನ್‌ಬುರ್ಗ್ ಕೋಟೆಗೆ ಹಾಕಿದ್ದೆಂದು ಹೇಳಲಾಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ ವರ್ಸೇಲ್ಸ್ ಅರಮನೆಯ ಕಾರಂಜಿಗಳಿಗೆ ಬೀಡಿನ ಕೊಳವೆಗಳಲ್ಲಿ ನೀರು ಹರಿಸಲಾಯಿತು. ಆ ಕೊಳವೆಗಳನ್ನು ಜೋಡಿಸಿದ್ದು ಅಂಚುಪಟ್ಟಿಗೆ (ಫ್ಲೇಂಜ್) ಬೋಲ್ಟು ಬಿಗಿದು. ಎರಡೂ ತುದಿಗೆ ಅಂಚುಪಟ್ಟಿ ಇರುವ ಕೊಳವೆಯನ್ನು ಸ್ಥಳದಲ್ಲಿ ಕತ್ತರಿಸಿದರೆ ಮತ್ತೆ ಜೋಡಿಸಲು ಬರುವುದಿಲ್ಲ, ಆದ್ದರಿಂದ ಪ್ರತಿ ತುಂಡನ್ನೂ ಅಳತೆಗೆ ಸರಿಯಾಗಿಯೇ ಹೊಯ್ಯಬೇಕಿತ್ತು. ಲಂಡನ್ನಿನ ಚೆಲ್ಸಿ ನೀರು ಸರಬರಾಜು ಕಂಪನಿಯ ಎಂಜಿನಿಯರ್ ಥಾಮಸ್ ಸಿಂಪ್ಸನ್ 1785ರಲ್ಲಿ ಸಾಕೆಟ್–ಸ್ಪಿಗಟ್ ಜೋಡಣೆಯನ್ನು ರೂಪಿಸಿದ. ಸಾಕೆಟ್ಟಿನೊಳಗೆ ಹುರಿ ತುಂಬಿ, ಮೇಲೆ ಕಾದ ಸೀಸ ಹೊಯ್ದು, ಬಡಿದು ಬಿಗಿ ಮಾಡುವ ಈ ಜೋಡಣೆಗೆ ಯಾವ ನೇರ ತುದಿಯಾದರೂ ಸಾಕು. ಕೊಳವೆಯನ್ನು ಕೆಲಸದ ಜಾಗದಲ್ಲೇ ಕತ್ತರಿಸುವ ಪದ್ಧತಿ ವ್ಯಾಪಕವಾದದ್ದು ಇಲ್ಲಿಂದ ಮುಂದೆ. ಒಂದೂವರೆ ಶತಮಾನದಷ್ಟು ಕಾಲ ಅದಕ್ಕೆ ಬಳಕೆಯಾದ ಮುಖ್ಯ ಸಾಧನ ಸುತ್ತಿಗೆ ಮತ್ತು ಚಾಣ.

ದಿಮಿತ್ರಿ ಸೆನ್ಸೊ ದ ಲಾವೊ 1910ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ತಿರುಗುವ ಅಚ್ಚಿನ ಎರಕವನ್ನು ರೂಪಿಸಿದ ಮೇಲೆ ತೆಳುವಾದ, ಸಮ ಗೋಡೆಯ ಕೊಳವೆಗಳು ಬಂದವು. 1943ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ನಿಕಲ್ ಕಂಪನಿಯಲ್ಲಿ ಕೀತ್ ಮಿಲ್ಲಿಸ್ ಮೆಗ್ನೀಸಿಯಂ ಸೇರಿಸಿ ಡಕ್ಟೈಲ್ ಕಬ್ಬಿಣ ಪಡೆದ. 1948ರಲ್ಲಿ ಅದು ಬಹಿರಂಗವಾಯಿತು.

ಯಂತ್ರ ಸಾಧನಗಳು ಬಂದದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ. ಉಜ್ಜುಚಕ್ರಗಳಿಗೆ ಬೇಕಾದ ಸಿಲಿಕಾನ್ ಕಾರ್ಬೈಡನ್ನು ಎಡ್ವರ್ಡ್ ಅಚೆಸನ್ 1891ರಲ್ಲೇ ತಯಾರಿಸಿದ್ದ. ಅಮೆರಿಕದ ಮಿಲ್ವಾಕಿ ಕಂಪನಿಯ ರೆಸಿಪ್ರೊಕೇಟಿಂಗ್ ಗರಗಸ 1951ರಲ್ಲಿ, ಜರ್ಮನಿಯ ಫ್ಲೆಕ್ಸ್ ಕಂಪನಿಯ ಆಂಗಲ್ ಗ್ರೈಂಡರ್ 1954ರಲ್ಲಿ ಮಾರುಕಟ್ಟೆಗೆ ಬಂದವು.

ಕರ್ನಾಟಕದಲ್ಲಿ ಬೆಂಗಳೂರಿಗೆ 1890ರ ದಶಕದಲ್ಲಿ ಹೆಸರಘಟ್ಟದಿಂದಲೂ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ನೀರು ಬಂತು. ಹಳೆಯ ಬಡಾವಣೆಗಳ ಹಂಚಿಕೆ ಜಾಲದಲ್ಲಿ ಬೀಡು ಕೊಳವೆಗಳು ಹೆಚ್ಚಾಗಿದ್ದವು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆ ಬೀಡು ಕೊಳವೆಗಳನ್ನೂ ಎರಕ ಹೊಯ್ಯುತ್ತಿತ್ತು.

ಕೈ ಸಾಧನಗಳು

ಸುತ್ತಿಗೆ ಮತ್ತು ಚಾಣ. ಕತ್ತರಿಸಬೇಕಾದ ಜಾಗಕ್ಕೆ ಕಾಗದದ ಪಟ್ಟಿ ಸುತ್ತಿ, ಅದರ ಅಂಚು ಸರಿಹೊಂದಿದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಲಾಗುತ್ತದೆ. ಕೊಳವೆಯನ್ನು ಮರಳಿನ ಚೀಲ ಅಥವಾ ಮರದ ದಿಮ್ಮಿಯ ಮೇಲೆ, ಗೆರೆಯ ಕೆಳಗೆ ಆಸರೆ ಬರುವಂತೆ ಇಡಬೇಕು. ಮೊದಲ ಸುತ್ತು ಹಗುರವಾದ ಏಟುಗಳಿಂದ ಗೀರು ಮೂಡಿಸಲು ಮಾತ್ರ. ಕೊಳವೆಯನ್ನು ಉರುಳಿಸುತ್ತ ಎರಡನೆಯ, ಮೂರನೆಯ ಸುತ್ತಿನಲ್ಲಿ ಏಟು ಜೋರಾಗುತ್ತ ಹೋಗುತ್ತದೆ. ಒಂದು ಹಂತದಲ್ಲಿ ದನಿ ಒಡಕಾಗಿ ಕೊಳವೆ ಗೀರಿನಲ್ಲೇ ಬೇರೆಯಾಗುತ್ತದೆ. ಒಂದೇ ಜಾಗದಲ್ಲಿ ಬಲವಾಗಿ ಹೊಡೆದರೆ ಸೀಳು ಉದ್ದುದ್ದಕ್ಕೆ ಓಡಿ ಇಡೀ ಕೊಳವೆ ಹಾಳಾಗುತ್ತದೆ. ವಿದ್ಯುತ್ತು ಬೇಡ, ಕಿಡಿ ಹೆಚ್ಚಿಲ್ಲ, ಖರ್ಚೂ ಇಲ್ಲ ಎಂಬುದು ಇದರ ಅನುಕೂಲ. ಆದರೆ ಕೊಳವೆಯನ್ನು ಉರುಳಿಸಲು ಜಾಗ ಬೇಕಾಗುವುದರಿಂದ ಇದು ಬಿಡಿ ಕೊಳವೆಗೇ ಹೊಂದುತ್ತದೆ. ಗೋಡೆಗೆ ಅಂಟಿ ನಿಂತ ಕೊಳವೆಗೆ ಬಡಿದರೆ ಮೇಲಿನ, ಕೆಳಗಿನ ಸೀಸದ ಜೋಡಣೆಗಳು ಸಡಿಲವಾಗುತ್ತವೆ.

ಹ್ಯಾಕ್ಸಾ. 300 ಮಿ.ಮೀ. ಬ್ಲೇಡಿನ ಈ ಗರಗಸದಲ್ಲಿ ಹಲ್ಲಿನ ಎಣಿಕೆಯೇ ಮುಖ್ಯ. ಯಾವಾಗಲೂ ಕನಿಷ್ಠ ಮೂರು ಹಲ್ಲುಗಳಾದರೂ ಲೋಹದ ಮೇಲಿರಬೇಕು. ಅಂಗುಲಕ್ಕೆ 18 ಹಲ್ಲಿನ ಬ್ಲೇಡಿನಲ್ಲಿ ಮೂರು ಹಲ್ಲುಗಳು ಸುಮಾರು 4.2 ಮಿ.ಮೀ. ಜಾಗ ಹಿಡಿಯುತ್ತವೆ, ಅಷ್ಟು ಅಥವಾ ಅದಕ್ಕಿಂತ ದಪ್ಪದ ಗೋಡೆಗೆ ಇದು ಸರಿ. ತೆಳು ಗೋಡೆಗೆ 24 ಹಲ್ಲಿನದು ಬೇಕಾಗುತ್ತದೆ, ಇಲ್ಲದಿದ್ದರೆ ಹಲ್ಲು ಸಿಕ್ಕಿಕೊಂಡು ಮುರಿಯುತ್ತದೆ. ಎಣ್ಣೆ ಹಾಕುವ ಅಗತ್ಯವಿಲ್ಲ. ಲೋಹದೊಳಗಿನ ಗ್ರಾಫೈಟೇ ಜಾರುಪುಡಿಯಾಗುತ್ತದೆ, ಎಣ್ಣೆ ಬಿದ್ದರೆ ಪುಡಿ ಕೆಸರಾಗಿ ಹಲ್ಲಿನ ಸಂದಿಗೆ ಮೆತ್ತುತ್ತದೆ. ಪೂರ್ತಿ ಕೊಯ್ಯುವುದು ನಿಧಾನದ, ತೋಳು ಸೋಲುವ ಕೆಲಸವಾದ್ದರಿಂದ ಸುತ್ತಲೂ ಒಂದೆರಡು ಮಿ.ಮೀ. ಆಳದ ಗೀರು ಕೊಯ್ದು, ಉಳಿದದ್ದನ್ನು ಸುತ್ತಿಗೆಯಿಂದ ತಟ್ಟಿ ಮುರಿಯುವುದು ರೂಢಿ.

ಚೈನ್ ಕಟರ್. ಬೂದು ಬೀಡಿನ ಶೌಚ ಕೊಳವೆಗಳಿಗೆ ಇದಕ್ಕಿಂತ ಹೊಂದುವ ಕೈ ಸಾಧನವಿಲ್ಲ. ಸರಪಳಿಯ ಪ್ರತಿ ಕೊಂಡಿಯ ನಡುವೆ ಗಟ್ಟಿ ಉಕ್ಕಿನ ಚೂಪು ಗಾಲಿ ಇರುತ್ತದೆ. ಸರಪಳಿಯನ್ನು ಕೊಳವೆಗೆ ಸುತ್ತಿ ಕೊಕ್ಕೆಗೆ ಸಿಕ್ಕಿಸಿ, ಕತ್ತರಿಯಂಥ ಹಿಡಿಗಳಿಂದ, ರ‍್ಯಾಚೆಟ್ಟಿನಿಂದ ಅಥವಾ ಹೈಡ್ರಾಲಿಕ್ ಪಂಪಿನಿಂದ ಬಿಗಿಯುತ್ತಾರೆ. ಎಲ್ಲ ಗಾಲಿಗಳೂ ಒಟ್ಟಿಗೆ ಲೋಹಕ್ಕೆ ಇಳಿದಾಗ ಒತ್ತಡ ಸುತ್ತಲೂ ಒಂದೇ ವೃತ್ತದಲ್ಲಿ ಬೀಳುತ್ತದೆ, ಕೊಳವೆ ‘ಟಕ್’ ಎಂದು ತುಂಡಾಗುತ್ತದೆ. ಮೊದಲು ಸ್ವಲ್ಪ ಬಿಗಿದು, ಆಚೀಚೆ ತುಸು ಆಡಿಸಿ ಗೀರು ಮೂಡಿಸಿಕೊಂಡರೆ ತುದಿ ಹೆಚ್ಚು ನೇರವಾಗಿ ಬರುತ್ತದೆ. ಬಿಗಿಯಲು ಶುರುಮಾಡಿದ ಮೇಲೆ ಕೆಲಸ ನಿಮಿಷಗಳದ್ದು. ದೂಳಿಲ್ಲ, ಕಿಡಿ ಹಾರುವುದಿಲ್ಲ. ಕೈ ಬಲದ ಮಾದರಿಗಳು ಸಾಮಾನ್ಯವಾಗಿ 150 ಮಿ.ಮೀ. ವ್ಯಾಸದವರೆಗೆ ನಡೆಯುತ್ತವೆ, ಅದಕ್ಕೂ ದೊಡ್ಡ ಕೊಳವೆಗಳಿಗೆ ಹೈಡ್ರಾಲಿಕ್ ಮಾದರಿಗಳಿವೆ. ಸುಟ್ಟ ಮಣ್ಣಿನ ಕೊಳವೆಗೂ ಇದು ಒಗ್ಗುತ್ತದೆ.

ಇದು ಸೋಲುವ ಸಂದರ್ಭಗಳು ಎರಡು. ಮೊದಲನೆಯದು ಡಿಐ. ಎರಡನೆಯದು ಗ್ರಾಫೈಟೀಕರಣಗೊಂಡ ಹಳೆಯ ಕೊಳವೆ. ತೇವದ ಮಣ್ಣಿನಲ್ಲೋ ಕೊಳಚೆಯ ಆಮ್ಲದಲ್ಲೋ ದಶಕಗಟ್ಟಲೆ ಇದ್ದ ಬೂದು ಬೀಡಿನಿಂದ ಕಬ್ಬಿಣ ಕರಗಿ ಹೋಗಿ ಗ್ರಾಫೈಟ್ ಮತ್ತು ತುಕ್ಕಿನ ಹಂದರ ಮಾತ್ರ ಉಳಿಯುತ್ತದೆ. ಆಕಾರವಾಗಲೀ ದಪ್ಪವಾಗಲೀ ಬದಲಾಗದ ಕಾರಣ ಕೊಳವೆ ಗಟ್ಟಿಯಾಗಿರುವಂತೆಯೇ ಕಾಣುತ್ತದೆ, ಆದರೆ ಚಾಕುವಿನಿಂದ ಕೆರೆದರೆ ಏಳುತ್ತದೆ. ಅದಕ್ಕೆ ಸರಪಳಿ ಬಿಗಿದರೆ ತುಂಡಾಗುವ ಬದಲು ಕುಸಿದು ಚೂರಾಗುತ್ತದೆ. ಶೌಚ ಕೊಳವೆಗಳ ತಳಭಾಗ ಮತ್ತು ಬಾಗುಗಳು ಹೀಗೆ ಹಾಳಾಗುವುದು ಹೆಚ್ಚು.

ಗಾಲಿ ಕಟರ್. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಬಳಸುವ ಸಾಮಾನ್ಯ ಪೈಪ್ ಕಟರಿನ ದೊಡ್ಡ ರೂಪ. ನಾಲ್ಕು ಗಾಲಿಗಳ, ತೆರೆದು ಮುಚ್ಚುವ ಚೌಕಟ್ಟಿನ ಮಾದರಿಗೆ ಪೂರ್ತಿ ಸುತ್ತು ಬೇಕಿಲ್ಲ, ಕಾಲು ಸುತ್ತಿಗಿಂತ ಸ್ವಲ್ಪ ಹೆಚ್ಚು ಆಡಿದರೆ ಸಾಕು. ಹೊಂದುವ ಗಾಲಿ ಹಾಕಿದರೆ ಡಿಐಗೂ ನಡೆಯುತ್ತದೆ.

ಯಂತ್ರ ಸಾಧನಗಳು

ಆಂಗಲ್ ಗ್ರೈಂಡರ್. ಭಾರತದ ಕೆಲಸದ ಜಾಗಗಳಲ್ಲಿ ಅತಿ ಹೆಚ್ಚು ಕಾಣುವ ಯಂತ್ರ ಇದೇ. 100 ಮತ್ತು 125 ಮಿ.ಮೀ. ಡಿಸ್ಕಿನ ಸಣ್ಣ ಗ್ರೈಂಡರುಗಳು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತವೆ, 230 ಮಿ.ಮೀ. ದೊಡ್ಡವು ಸುಮಾರು 6,500. ಸಣ್ಣದರಿಂದ ಸಿಗುವ ಕತ್ತರಿಕೆಯ ಆಳ ಸುಮಾರು 25–30 ಮಿ.ಮೀ., ದೊಡ್ಡದರಿಂದ 60 ಮಿ.ಮೀ. ಆಸುಪಾಸು. ಗೋಡೆಯ ದಪ್ಪ ಅದಕ್ಕಿಂತ ಎಷ್ಟೋ ಕಡಿಮೆ ಇದ್ದರೂ ಕೊಳವೆಯ ಹಿಂಬದಿಗೆ ಡಿಸ್ಕು ತಲುಪುವುದೇ ತೊಡಕು. ಗೋಡೆಗೆ ಅಂಟಿದ ಕೊಳವೆಯಲ್ಲಿ ಮುಂಭಾಗದಲ್ಲಿ ಮೊದಲು ಒಂದು ಕಿಟಕಿ ಕತ್ತರಿಸಿ ತೆಗೆದು, ಅದರ ಮೂಲಕ ಹಿಂಗೋಡೆಯನ್ನು ಒಳಗಿನಿಂದ ಕತ್ತರಿಸುವುದುಂಟು.

ಡಿಸ್ಕಿನ ಹರಳನ್ನೂ ನೋಡಿ ಆರಿಸಬೇಕು. ಬೂದು ಬೀಡಿಗೆ ಸಿಲಿಕಾನ್ ಕಾರ್ಬೈಡ್, ಉಕ್ಕು ಮತ್ತು ಡಿಐಗೆ ಅಲ್ಯುಮಿನಿಯಂ ಆಕ್ಸೈಡ್ ಎಂಬುದು ಸಾಮಾನ್ಯ ನಿಯಮ. ಡಿಸ್ಕಿನ ಗುರುತಿನಲ್ಲಿ ಮೊದಲನೆಯದಕ್ಕೆ ‘ಸಿ’, ಎರಡನೆಯದಕ್ಕೆ ‘ಎ’ ಅಕ್ಷರವಿರುತ್ತದೆ. ರಾಳದಲ್ಲಿ ಹರಳು ಕೂಡಿಸಿದ ಈ ಡಿಸ್ಕುಗಳು ಬಳಸುತ್ತ ಹೋದಂತೆ ಕಿರಿದಾಗುತ್ತವೆ, ಜೊತೆಗೆ ಆಳವೂ ತಗ್ಗುತ್ತದೆ. ಉಕ್ಕಿನ ಚಕ್ರಕ್ಕೆ ನಿರ್ವಾತದಲ್ಲಿ ಬೆಸೆದ ವಜ್ರದ ಡಿಸ್ಕುಗಳು ಕಿರಿದಾಗುವುದಿಲ್ಲ, ಚೂರಾಗಿ ಸಿಡಿಯುವುದೂ ಇಲ್ಲ. ಬೆಲೆ ಮಾತ್ರ ಹೆಚ್ಚು. ಕಲ್ಲು, ಕಾಂಕ್ರೀಟಿನ ಸಾಮಾನ್ಯ ವಜ್ರದ ಡಿಸ್ಕು ಲೋಹಕ್ಕೆ ಅಲ್ಲ.

ರೆಸಿಪ್ರೊಕೇಟಿಂಗ್ ಗರಗಸ. ಬ್ಲೇಡು ಹಿಂದೆ ಮುಂದೆ ಸುಮಾರು 30 ಮಿ.ಮೀ. ಓಡಾಡುವ ಈ ಯಂತ್ರ ಸಂದಿಗೊಂದಿಗೂ ತೂರುತ್ತದೆ. ಉಕ್ಕಿನ ಸಾಮಾನ್ಯ ಬ್ಲೇಡು ಬೀಡಿನಲ್ಲಿ ಬೇಗ ಮೊಂಡಾಗುತ್ತದೆ. ಟಂಗ್‌ಸ್ಟನ್ ಕಾರ್ಬೈಡಿನ ಹಲ್ಲು, ಕಾರ್ಬೈಡ್ ಹರಳು ಅಥವಾ ವಜ್ರದ ಹರಳು ಲೇಪಿಸಿದ ಬ್ಲೇಡು ಬೇಕು, ವೇಗ ತಗ್ಗಿಸಿ ಕೊಯ್ಯಬೇಕು. ಕಿಡಿ ಕಡಿಮೆ. ಕಂಪನ ಮಾತ್ರ ಹೆಚ್ಚಾದ್ದರಿಂದ ಯಂತ್ರದ ಮುಂಗಾಲನ್ನು ಕೊಳವೆಗೆ ಒತ್ತಿ ಹಿಡಿಯದಿದ್ದರೆ ಹಳೆಯ ಜೋಡಣೆಗಳು ಅಲುಗಾಡುತ್ತವೆ. ಗ್ರಾಫೈಟೀಕರಣಗೊಂಡ ಕೊಳವೆಗೆ ಒತ್ತಡ ಬೀಳಿಸದ ಈ ವಿಧಾನವೇ ಹೆಚ್ಚು ಸೂಕ್ತ.

ಪೆಟ್ರೋಲ್ ಕಟರ್ ಮತ್ತು ಚೈನ್ ಗರಗಸ. ರಸ್ತೆಯಡಿಯ ದೊಡ್ಡ ಕೊಳವೆಗಳಿಗೆ 300–400 ಮಿ.ಮೀ. ಡಿಸ್ಕಿನ ಪೆಟ್ರೋಲ್ ಕಟರ್ ಬಳಕೆಯಲ್ಲಿದೆ. ವೃತ್ತಾಕಾರದ ಡಿಸ್ಕಿನಿಂದ ಕೊಳವೆಯ ತಳವನ್ನು ಕತ್ತರಿಸಲು ಸುತ್ತಲೂ ಅಗಲವಾಗಿ ಮಣ್ಣು ಅಗೆಯಬೇಕಾಗುತ್ತದೆ. ವಜ್ರದ ಹರಳಿನ ಸರಪಳಿಯುಳ್ಳ ಚೈನ್ ಗರಗಸದ ಉದ್ದ ಪಟ್ಟಿ ಒಂದೇ ಬದಿಯಿಂದ ಕೊಳವೆಯನ್ನು ದಾಟಿ ತಳ ಮುಟ್ಟುವುದರಿಂದ ಗುಂಡಿ ಸಣ್ಣದಾದರೂ ನಡೆಯುತ್ತದೆ. ಕೊಳವೆಗೇ ಸರಪಳಿಯಿಂದ ಕಟ್ಟಿಕೊಂಡು ಸುತ್ತ ತೆವಳುತ್ತ ಕೊರೆಯುವ ಮಿಲ್ಲಿಂಗ್ ಯಂತ್ರಗಳು ಅತಿ ದೊಡ್ಡ ವ್ಯಾಸದ ಮುಖ್ಯ ಕೊಳವೆಗಳಿಗೆ ಮೀಸಲು. ತುದಿಯ ಇಳಿಜಾರನ್ನೂ ಅವು ಒಟ್ಟಿಗೇ ಮಾಡುತ್ತವೆ.

ಗ್ಯಾಸ್ ಕಟಿಂಗ್ ಒಗ್ಗದಿರುವುದು

ಉಕ್ಕನ್ನು ಸಲೀಸಾಗಿ ಕತ್ತರಿಸುವ ಆಕ್ಸಿ–ಅಸಿಟಿಲೀನ್ ಜ್ವಾಲೆ ಬೀಡಿಗೆ ನಡೆಯುವುದಿಲ್ಲ. ಉಕ್ಕಿನಲ್ಲಿ ಆಕ್ಸೈಡು ಲೋಹಕ್ಕಿಂತ ಮೊದಲೇ ಕರಗಿ ಹರಿದುಹೋಗುತ್ತದೆ. ಹೊಸ ಲೋಹ ಆಮ್ಲಜನಕಕ್ಕೆ ತೆರೆದುಕೊಂಡು ಉರಿಯುತ್ತ ಸಾಗುತ್ತದೆ. ಬೀಡು ಕರಗುವುದು ಸುಮಾರು 1150–1200 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕಬ್ಬಿಣದ ಆಕ್ಸೈಡು ಕರಗಲು ಸುಮಾರು 1370 ಡಿಗ್ರಿ ಬೇಕು. ಲೋಹ ಮೊದಲು ಕರಗಿ ಗಂಟುಗಂಟಾಗುತ್ತದೆ, ಸಿಲಿಕಾನ್ ಸುಟ್ಟು ಹುಟ್ಟಿದ ಸಿಲಿಕಾ ಮೇಲೆ ಪೊರೆ ಕಟ್ಟುತ್ತದೆ. ಒಂದೇ ಕಡೆ ಬಿದ್ದ ಕಾವಿನಿಂದ ಕೊಳವೆ ಬೇರೆಲ್ಲೋ ಬಿರಿಯುವುದೂ ಉಂಟು.

ಆಯ್ಕೆ

ಭಾರತದಲ್ಲಿ ಮನೆಗಳ ಶೌಚ ಮತ್ತು ಮಳೆನೀರಿನ ಬೀಡು ಕೊಳವೆಗಳು ಸಾಮಾನ್ಯವಾಗಿ 50, 75, 100, 150 ಮಿ.ಮೀ. ವ್ಯಾಸದವು. ತಿರುಗು ಎರಕದವು ಭಾರತೀಯ ಮಾನಕ 3989ಕ್ಕೂ ಮರಳು ಎರಕದವು 1729ಕ್ಕೂ ಸೇರುತ್ತವೆ. ಗೋಡೆಯ ದಪ್ಪ ಹೆಚ್ಚುಕಡಿಮೆ 3.5ರಿಂದ 5 ಮಿ.ಮೀ. ಈ ಕೊಳವೆ ಗಟ್ಟಿಯಾಗಿದ್ದು, ಹಿಂದೆ ಸರಪಳಿ ತೂರುವಷ್ಟು ಸಂದಿದ್ದರೆ ಚೈನ್ ಕಟರ್ ಸಾಕು. ಸಂದಿಲ್ಲದಿದ್ದರೆ ಗ್ರೈಂಡರ್, ಕೊಳವೆ ಜೀರ್ಣವಾಗಿದ್ದರೆ ಕಾರ್ಬೈಡ್ ಬ್ಲೇಡಿನ ರೆಸಿಪ್ರೊಕೇಟಿಂಗ್ ಗರಗಸ. ಒಂದೆರಡೇ ತುಂಡು ಮಾಡಬೇಕಿದ್ದು ಕೊಳವೆ ಬಿಡಿಯಾಗಿ ಕೈಗೆ ಸಿಗುವಂತಿದ್ದರೆ ಹ್ಯಾಕ್ಸಾ ಮತ್ತು ಸುತ್ತಿಗೆಯಲ್ಲೇ ಕೆಲಸ ಮುಗಿಯುತ್ತದೆ.

ಒತ್ತಡದ ನೀರಿನ ಕೊಳವೆಗಳಲ್ಲಿ ತಿರುಗು ಎರಕದ ಬೂದು ಬೀಡು ಮಾನಕ 1536ಕ್ಕೂ ಡಿಐ ಮಾನಕ 8329ಕ್ಕೂ ಸೇರುತ್ತವೆ. ಡಿಐಯಲ್ಲಿ ಕತ್ತರಿಸಿದ ತುದಿಯ ಅಚ್ಚುಕಟ್ಟು ಮುಖ್ಯವಾಗುತ್ತದೆ. ರಬ್ಬರ್ ಉಂಗುರದ ಸಾಕೆಟ್ಟಿಗೆ ತಳ್ಳಬೇಕಾದ ತುದಿ ನೇರವಾಗಿದ್ದು ಹೊರ ಅಂಚು ಇಳಿಜಾರಾಗಿರಬೇಕು, ಇಲ್ಲದಿದ್ದರೆ ಚೂಪು ಅಂಚು ಉಂಗುರವನ್ನು ಹರಿಯುತ್ತದೆ. ಸಾಕೆಟ್ಟಿನ ಬದಿಗೆ ಹೊರವ್ಯಾಸ ಹೆಚ್ಚಿರುವ ಸಾಧ್ಯತೆಯಿಂದ ಸ್ಪಿಗಟ್ ಬದಿಯ ಮೂರನೇ ಎರಡು ಭಾಗದೊಳಗೇ ಕತ್ತರಿಸುವುದು, ಕತ್ತರಿಸುವ ಮುನ್ನ ಟೇಪಿನಿಂದ ಸುತ್ತಳತೆ ನೋಡುವುದು ಪದ್ಧತಿ. ಸೀಸದ ಜೋಡಣೆಗೆ ಈ ಕಟ್ಟುನಿಟ್ಟು ಬೇಕಿರಲಿಲ್ಲ, ತುದಿಯ ಸಣ್ಣ ಓರೆಕೋರೆಗಳನ್ನು ಸೀಸವೇ ತುಂಬಿಕೊಳ್ಳುತ್ತಿತ್ತು.

ಸುರಕ್ಷತೆ

100 ಮಿ.ಮೀ. ಶೌಚ ಕೊಳವೆ ಮೀಟರಿಗೆ ಸುಮಾರು 10 ಕೆ.ಜಿ. ತೂಗುತ್ತದೆ. ಮೂರು ಮಹಡಿಯ ಲಂಬ ಕೊಳವೆಯನ್ನು ಕೆಳಗೆ ಕತ್ತರಿಸಿದರೆ ಮೇಲಿನ 100 ಕೆ.ಜಿ.ಗೂ ಮೀರಿದ ಭಾರಕ್ಕೆ ಆಸರೆ ತಪ್ಪುತ್ತದೆ. ಹಾಗಾಗಿ ಕತ್ತರಿಸುವ ಜಾಗದ ಮೇಲೆ ಕ್ಲಾಂಪು ಬಿಗಿದು ಗೋಡೆಗೋ ಚಾವಣಿಗೋ ಭದ್ರಪಡಿಸುವುದು ಮೊದಲ ಕೆಲಸ. ಕೊಳಚೆ ಕೊಳವೆಯಲ್ಲಿ ಮೀಥೇನ್, ಹೈಡ್ರೋಜನ್ ಸಲ್ಫೈಡ್ ನಿಂತಿರಬಹುದಾದ್ದರಿಂದ ಕಿಡಿ ಹಾರುವ ಯಂತ್ರಕ್ಕೆ ಮುನ್ನ ಗಾಳಿಯಾಡಿಸಬೇಕು. ಆಳದ ಗುಂಡಿಯಲ್ಲಿ ಪೆಟ್ರೋಲ್ ಯಂತ್ರದ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹೊರಹೋಗದೆ ತುಂಬಿಕೊಳ್ಳಬಹುದು. ನೀರು ನಿಂತ ಗುಂಡಿಗೆ ವಿದ್ಯುತ್ ತಂತಿಯ ಯಂತ್ರಕ್ಕಿಂತ ಬ್ಯಾಟರಿಯದು ಅಥವಾ ಕೈ ಸಾಧನ ಮೇಲು. ಡಿಐಯ ಒಳಗೆ ಸಿಮೆಂಟಿನ ಲೇಪ, ಹಳೆಯ ಕೊಳವೆಯ ಮೇಲೆ ಡಾಂಬರಿನ ಲೇಪ ಇರುತ್ತದೆ. ಗ್ರೈಂಡರಿನಡಿ ಇವು ಸಿಲಿಕಾ ದೂಳಾಗಿ, ವಿಷದ ಹೊಗೆಯಾಗಿ ಏಳುತ್ತವೆ. ನೀರು ಹನಿಸುತ್ತ ಕತ್ತರಿಸಿದರೆ ದೂಳು ತಗ್ಗುತ್ತದೆ. ಡಿಸ್ಕಿನ ಮೇಲೆ ಬರೆದ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಕಡಿಮೆಯಿರಬಾರದು. ರಾಳದ ಡಿಸ್ಕಿಗೆ ಅವಧಿ ಮುಗಿಯುವ ದಿನಾಂಕವೂ ಉಂಟು, ನಡುವಿನ ಲೋಹದ ಬಳೆಯ ಮೇಲೆ ಅದನ್ನು ಒತ್ತಿರುತ್ತಾರೆ. ಗಾರ್ಡು ಬಿಚ್ಚಿ ದೊಡ್ಡ ಡಿಸ್ಕು ಹಾಕುವುದು ಅಪಾಯಕಾರಿ.

ಇಂದಿನ ಸ್ಥಿತಿ

ಹೊಸ ಕಟ್ಟಡಗಳ ಶೌಚ ಕೊಳವೆಗಳಲ್ಲಿ ಬೀಡಿನ ಜಾಗವನ್ನು ಬಹುಮಟ್ಟಿಗೆ ಪಿವಿಸಿ ಹಿಡಿದಿದೆ. ಸದ್ದು ಕಡಿಮೆಯಿರಬೇಕಾದ, ಬೆಂಕಿಯ ಭಯವಿರುವ ಬಹುಮಹಡಿ ಕಟ್ಟಡಗಳಲ್ಲಿ ಸಾಕೆಟ್ ಇಲ್ಲದ ಬೀಡು ಕೊಳವೆ ಉಳಿದುಕೊಂಡಿದೆ. ರಬ್ಬರ್ ತೋಳು ಮತ್ತು ಸ್ಟೇನ್‌ಲೆಸ್ ಉಕ್ಕಿನ ಪಟ್ಟಿಯಿಂದ ಜೋಡಿಸುವ ಇದರಲ್ಲಿ ಎರಡೂ ತುದಿ ನೇರ, ಎಲ್ಲಿ ಕತ್ತರಿಸಿದರೂ ತುಂಡು ವ್ಯರ್ಥವಾಗುವುದಿಲ್ಲ. ಹಳೆಯ ಮನೆಗಳ ದುರಸ್ತಿಯಲ್ಲಿ ಹಾಳಾದ ಬೀಡಿನ ಭಾಗವನ್ನು ಕತ್ತರಿಸಿ ತೆಗೆದು, ಇಂಥದೇ ತೋಳುಗಳಿಂದ ಪಿವಿಸಿ ತುಂಡು ಕೂಡಿಸುವುದು ಸಾಮಾನ್ಯವಾಗಿದೆ.

ನಗರಗಳ ನೀರಿನ ಜಾಲದಲ್ಲಿ ಹಳೆಯ ಬೂದು ಬೀಡಿನ ಬದಲು ಡಿಐ ಮತ್ತು ಎಚ್‌ಡಿಪಿಇ ಕೊಳವೆಗಳು ಬರುತ್ತಿವೆ. ಅಗೆಯದೆ ಕೊಳವೆ ಬದಲಿಸುವ ವಿಧಾನದಲ್ಲಿ ಹಳೆಯ ಬೂದು ಬೀಡನ್ನು ನೆಲದಡಿಯಲ್ಲೇ ಒಡೆಯುತ್ತಾರೆ: ಶಂಕುವಿನಾಕಾರದ ತಲೆಯನ್ನು ಕೊಳವೆಯೊಳಗೆ ಎಳೆದಾಗ ಹಳೆಯ ಕೊಳವೆ ಚೂರುಗಳಾಗಿ ಸುತ್ತಲ ಮಣ್ಣಿಗೆ ಸರಿಯುತ್ತದೆ, ಹಿಂದೆಯೇ ಹೊಸ ಕೊಳವೆ ಬಂದು ಕೂರುತ್ತದೆ. ಡಿಐ ಹಾಗೆ ಒಡೆಯದ ಕಾರಣ ತಲೆಯ ಮುಂದೆ ಗಾಲಿಚಾಕುಗಳನ್ನು ಕಟ್ಟಿ ಅದನ್ನು ಉದ್ದಕ್ಕೆ ಸೀಳಿ ಅಗಲಿಸಬೇಕಾಗುತ್ತದೆ.